ಹೊಳೆಗೆ ಮುಖ ಮಾಡಿದ ಮನೆಗಳು

ಬೋಳಾರ, ಹೊಯಿಗೆ ಬಜಾರು, ಮುಳಿಹಿತ್ಲು ಕಡೆಯಲ್ಲಿ ನಾನು ಚಿಕ್ಕವಳಿದ್ದಾಗ ಕಂಡ ಹಳೆಯ ಮನೆಗಳಿಗೆ ಮುಖ ಇದ್ದದ್ದು ಹೊಳೆಯ ಕಡೆಗೆ. ಜಗಲಿ, ಜಗಲಿಯ ಮುಂದೆ ಅಂಗಳ, ಅಂಗಳ ಮುಗಿದಲ್ಲಿ ತೆಂಗಿನ ಸಾಲು, ಅದರಾಚೆ ನೇತ್ರಾವತಿ. ರಸ್ತೆ ಇದ್ದದ್ದು ಹಿತ್ತಿಲಿಗೆ. ಅಂಚೆಯವನು ಬಚ್ಚಲಕೊಟ್ಟಿಗೆಯ ಬದಿಯಿಂದ ಬಂದು ಅಡುಗೆಮನೆಯ ಕಿಟಕಿಯಲ್ಲಿ ಕಾಗದ ಕೊಟ್ಟು ಹೋಗುತ್ತಿದ್ದ. ಅದರಲ್ಲಿ ಅವನಿಗಾಗಲಿ ನಮಗಾಗಲಿ ಕೊರತೆ ಕಾಣುತ್ತಿರಲಿಲ್ಲ. ನೆಂಟರು, ಸೌದೆ, ತೆಂಗಿನಕಾಯಿ, ಮದುವೆಯ ದಿಬ್ಬಣ ಎಲ್ಲ ದೋಣಿಯಿಂದ ಇಳಿದು ಮುಂಬಾಗಿಲಿಗೇ ಬರುತ್ತಿದ್ದವು. ಇಂದು ಅದೇ ಸಾಲಿನಲ್ಲಿ ನಡೆದರೆ ಗೇಟುಗಳೆಲ್ಲ ರಸ್ತೆಗೆ, ಹೊಳೆಯ ಕಡೆಗೆ ಆಳೆತ್ತರದ ಕಾಂಪೌಂಡು. ಮನೆಗಳು ಬದಲಾಗುವುದು ಸಹಜ. ಹಂಚು ಹೋಗಿ ಕಾಂಕ್ರೀಟು ಬರುವುದೂ ಸಹಜ. ಆದರೆ ಇಡೀ ಕೇರಿಯೇ ತನ್ನನ್ನು ಸಾಕಿದ ನೀರಿಗೆ ಬೆನ್ನು ಹಾಕಿ ಕೂತುಬಿಟ್ಟಿತಲ್ಲ, ಅದೊಂದನ್ನು ನನಗೆ ಇಂದಿಗೂ ನುಂಗಿಕೊಳ್ಳಲಾಗಿಲ್ಲ.

ಈ ಭಾಗವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಮಂಗಳೂರಿಗೆ ಹೊಳೆ ಎರಡು. ಪೂರ್ವದಿಂದ ಇಳಿದು ಬರುವ ನೇತ್ರಾವತಿ ಊರಿನ ತೆಂಕಣ ಅಂಚನ್ನು ಸವರಿಕೊಂಡು ಹೋಗುತ್ತದೆ. ಬಡಗಿನಿಂದ ಬರುವ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಸಮುದ್ರದ ಹತ್ತಿರ ಬಂದರೂ ಕೂಡಲೇ ಸೇರದೆ ಬೆಂಗ್ರೆಯ ಮರಳುದಿಣ್ಣೆಯ ಒಳಮೈಗೆ ಹೊಂದಿಕೊಂಡು ತೆಂಕಕ್ಕೆ ಹರಿದು ಬರುತ್ತದೆ. ಎರಡೂ ಕೂಡಿ ಅಳಿವೆ ಬಾಗಿಲಲ್ಲಿ ಸಮುದ್ರಕ್ಕೆ ಬೀಳುವ ಮೂಲೆಯೇ ನಮ್ಮದು. ಆಚೆ ದಡದಲ್ಲಿ ಉಳ್ಳಾಲದ ಕೋಟೆಪುರ, ಪಡುವಣಕ್ಕೆ ಬೆಂಗ್ರೆಯ ತುದಿ, ಬಡಗಿಗೆ ಹಳೇ ಬಂದರು. ದಿನಕ್ಕೆ ಎರಡು ಬಾರಿ ಸಮುದ್ರ ಹೊಳೆಯೊಳಗೆ ಬರುತ್ತದೆ, ಎರಡು ಬಾರಿ ಹಿಂದೆ ಹೋಗುತ್ತದೆ. ಬೇಸಗೆಯಲ್ಲಿ ಬಾವಿಯ ನೀರೂ ಉಪ್ಪುಪ್ಪು. ಕುಡಿಯುವುದಕ್ಕೆ ರಸ್ತೆಬದಿಯ ನಳ್ಳಿಯೇ ಗತಿ. ಏಪ್ರಿಲ್–ಮೇ ತಿಂಗಳಲ್ಲಿ ಆ ನಳ್ಳಿಯ ಮುಂದೆ ಇರುಳಿಗೇ ಕೊಡಪಾನಗಳ ಸಾಲು ನಿಲ್ಲುತ್ತಿತ್ತು. ಕೊಡಪಾನ ಸಾಲಿನಲ್ಲಿಟ್ಟು ಮನೆಗೆ ಹೋಗಿ ಮಲಗಿದರೂ ಬೆಳಿಗ್ಗೆ ಅದು ಅದೇ ಸ್ಥಾನದಲ್ಲಿರುತ್ತಿತ್ತು. ಯಾರೂ ದಾಟಿಸುತ್ತಿರಲಿಲ್ಲ.

ಏರು, ಇಳಿತ ಎಂಬ ಎರಡು ಮಾತು ತಿಳಿಯದವರು ನಮ್ಮ ಕೇರಿಯಲ್ಲಿ ಇರಲೇ ಇಲ್ಲ. ಮೇಲಿನ ಬಯಲುಗಳಿಂದ ಆವೆಮಣ್ಣು ತುಂಬಿದ ದೋಣಿಗಳು ಇಳಿತದ ನೀರಿನಲ್ಲಿ ಕೆಳಗೆ ಬರುತ್ತಿದ್ದವು. ದೋಣಿಯ ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಿನ ಜಾಗ. ಇಬ್ಬರು ಆಳುಗಳು ಬಿದಿರ ಜಲ್ಲೆಯನ್ನು ಹೊಳೆಯ ತಳಕ್ಕೆ ಊರಿ, ಜಲ್ಲೆಗೆ ಭುಜ ಕೊಟ್ಟು, ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಅಂಚಿನ ಮೇಲೆ ನಡೆಯುವರು. ಅವರು ಹಿಂದಕ್ಕೆ ನಡೆದಷ್ಟೂ ದೋಣಿ ಮುಂದಕ್ಕೆ. ಭುಜದಲ್ಲಿ ಜಲ್ಲೆ ಒತ್ತಿ ಒತ್ತಿ ಆದ ಗಟ್ಟಿ ಗಂಟನ್ನು ನಾವು ಮಕ್ಕಳು ಮುಟ್ಟಿ ನೋಡುತ್ತಿದ್ದೆವು. ಮಣ್ಣು ಇಳಿಸಿ, ಗಂಜಿ ಉಂಡು, ತೆಂಗಿನ ಬುಡದಲ್ಲಿ ಅಡ್ಡಾಗಿ ಕಾಯುವರು. ಏರು ಹಿಡಿದ ಕೂಡಲೇ ಎದ್ದು ಅದೇ ನೀರಿನ ಜೊತೆ ಮೇಲಕ್ಕೆ ಹೋಗುವರು. ಅವರ ಗಡಿಯಾರ ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಹಿಂದೆ ಬೀಳುತ್ತಿತ್ತು. ಹಾಗಾಗಿ ಒಂದು ವಾರ ಬೆಳಗಿನ ಹೊತ್ತಿಗೆ ಕಂಡ ಮುಖ ಮುಂದಿನ ವಾರ ಮಧ್ಯಾಹ್ನಕ್ಕೆ ಕಾಣುವುದು.

ಪೂರ್ತಿ ಇಳಿತವಾದಾಗ ಹೊಳೆಯ ನಡುವಿನ ದಿಣ್ಣೆಗಳು ಬೆನ್ನು ತೋರಿಸುತ್ತಿದ್ದವು. ಆಗ ಮರುವಾಯಿ ಹೆಕ್ಕುವ ಹೆಂಗಸರು ಇಳಿಯುವರು. ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಬ್ಬೆರಳಿನಿಂದ ಮರಳು ಕೆದಕಿ, ಚಿಪ್ಪು ಸಿಕ್ಕಿತೆಂದರೆ ಮುಳುಗಿ ಎತ್ತುವುದು. ಬುಟ್ಟಿಯನ್ನು ಒಂದು ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದರು. ಅದು ಅವರ ಹಿಂದೆಯೇ ತೇಲುತ್ತ ಬರುವುದು. ಮರುವಾಯಿಯ ಮಾಂಸ ನಮ್ಮ ಸಾರಿಗೆ, ಚಿಪ್ಪು ಸುಣ್ಣದ ಗೂಡಿಗೆ. ನಮ್ಮ ಮನೆಯ ಗೋಡೆಗೆ ಬಳಿದದ್ದೂ ಅಜ್ಜಿ ವೀಳ್ಯದೆಲೆಗೆ ಸವರಿದ್ದೂ ಅದೇ ಸುಣ್ಣ. ಹೊಳೆಯಲ್ಲಿ ಬೆಳೆದದ್ದನ್ನು ತಿಂದು, ಅದರ ಚಿಪ್ಪನ್ನು ಗೋಡೆಗೆ ಬಳಿದು, ಹೊಳೆ ಬದಿಯ ಮಣ್ಣಿನಿಂದ ಮಾಡಿದ ಹಂಚಿನ ಕೆಳಗೆ ಮಲಗುತ್ತಿದ್ದೆವು. ಈಗ ಬರೆಯುವಾಗ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ. ಆಗ ಅದು ಯಾರ ಗಮನಕ್ಕೂ ಬಂದದ್ದಿಲ್ಲ.

ಹಂಚಿನ ಮಾತು ಬಂತು. ಅದನ್ನು ಬಿಟ್ಟು ನಮ್ಮ ಕೇರಿಯ ಕತೆಯೇ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮೊದಲು ಶಾಲೆ ತೆರೆಯಿತು, ಆಮೇಲೆ ಅಚ್ಚುಕೂಟ, ಆಮೇಲೆ ನೇಯ್ಗೆ. ಅಚ್ಚುಕೂಟದ ಕೆಲಸದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ಆವೆಮಣ್ಣಿನ ಗುಣ ಕಂಡುಕೊಂಡು, 1865ರಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ. ಮೂರೇ ವರ್ಷದಲ್ಲಿ, 1868ರಲ್ಲಿ, ಹೊಯಿಗೆ ಬಜಾರಿನಲ್ಲಿ ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಆಮೇಲೆ ಸಾಲು ಸಾಲು. ಮಣ್ಣು ನೀರಿನ ಮೇಲೆ ಬರಬೇಕು, ಸೌದೆ ನೀರಿನ ಮೇಲೆ ಬರಬೇಕು, ಸುಟ್ಟ ಹಂಚು ನೀರಿನ ಮೇಲೆಯೇ ಬಂದರಿಗೆ ಹೋಗಬೇಕು. ಹಾಗಾಗಿ ಎಲ್ಲ ಕಾರ್ಖಾನೆಗಳೂ ಎರಡು ಹೊಳೆಗಳ ಅಂಚನ್ನೇ ಹಿಡಿದವು. ನಮ್ಮ ಹೊಳೆಬದಿಯ ಹಂಚು ಮಂಜಿ, ಹಡಗುಗಳಲ್ಲಿ ಬೊಂಬಾಯಿಗೆ ಹೋಯಿತು, ಸಿಲೋನಿಗೆ ಹೋಯಿತು, ಆಫ್ರಿಕದ ಪೂರ್ವ ಕರಾವಳಿಗೂ ಹೋಯಿತು. ಮಿಷನ್ನಿನ ಕಾರ್ಖಾನೆ ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದರೂ ಕೇರಿಯ ಹಿರಿಯರ ಬಾಯಲ್ಲಿ ಅದು ಕೊನೆಯವರೆಗೂ ಮಿಷನ್ ಕಾರ್ಖಾನೆಯೇ.

ಕಾರ್ಖಾನೆಯ ಕೂಗಿಗೆ ಕೇರಿ ಏಳುತ್ತಿತ್ತು. ಒಂದು ಕೂಗು ಕೆಲಸಕ್ಕೆ, ಒಂದು ಊಟಕ್ಕೆ, ಒಂದು ಬಿಡುವುದಕ್ಕೆ. ಒಂದು ಕಾರ್ಖಾನೆಯದು ಮುಗಿಯುವ ಮೊದಲೇ ಇನ್ನೊಂದರದು ಶುರು. ಯಾವುದು ಯಾರದೆಂದು ಸ್ವರದಲ್ಲೇ ಗುರುತು. ಕುಚ್ಚಲಕ್ಕಿ ಒಲೆಗೆ ಇಡುವುದು ಮೊದಲ ಕೂಗಿಗೆ, ಗಂಜಿ ಬಾಗುವುದು ಊಟದ ಕೂಗಿಗೆ. ಶಾಲೆಯಿಂದ ಬಂದ ಮಕ್ಕಳು ಹೊಳೆಗೆ ಬೀಳಬಹುದು, ಆದರೆ ಸಂಜೆಯ ಕೂಗಿಗೆ ಮೇಲೆ ಬರಬೇಕು. ಜೆಪ್ಪು ಸೆಮಿನರಿಯ ಗಂಟೆ, ಬಂದರಿನ ಮಸೀದಿಯ ಬಾಂಗು, ಮಂಗಳಾದೇವಿ ದೇವಸ್ಥಾನದ ಜಾಗಟೆ ಇವುಗಳ ನಡುವೆ ಕಾರ್ಖಾನೆಯ ಕೂಗಿಗೆ ಜಾತಿ ಮತ ಇರಲಿಲ್ಲ. ಎಲ್ಲರ ಹೊಟ್ಟೆಗೂ ಸಂಬಂಧಪಟ್ಟ ಸದ್ದು ಅದು.

ನೆರೆಮನೆಯ ಬಾಯಮ್ಮ ಹುಡುಗಿಯಾಗಿದ್ದಾಗಲೇ ಕಾರ್ಖಾನೆ ಸೇರಿದವರು, ತಲೆ ಪೂರಾ ಬೆಳ್ಳಗಾದ ಮೇಲೆ ಹೊರಬಂದವರು. ಮಣ್ಣನ್ನು ಅರೆದು, ಹದ ಮಾಡಿ, ಹಲಗೆಗಾತ್ರಕ್ಕೆ ಕತ್ತರಿಸಿ, ಪ್ರೆಸ್ಸಿನಲ್ಲಿ ಅಚ್ಚು ಒತ್ತಿ, ಅಂಚಿನ ಮಣ್ಣು ಸವರಿ ತೆಗೆದು, ಮರದ ಚೌಕಟ್ಟಿನ ಮೇಲೆ ನೆರಳಿನಲ್ಲಿ ಒಣಗಿಸಿ, ಆಮೇಲೆ ಗೂಡಿಗೆ. ಇದರಲ್ಲಿ ಹೆಚ್ಚಿನದು ಹೆಂಗಸರ ಕೈಕೆಲಸ. ಬಾಯಮ್ಮನ ಕೊನೆಯ ವರ್ಷಗಳು ಕಳೆದದ್ದು ಗೂಡಿನಿಂದ ಹೊರಬಂದ ಹಂಚನ್ನು ಆರಿಸುವಲ್ಲಿ. ಆರಿಸುವುದು ಕಣ್ಣಿನಿಂದ ಅಲ್ಲ. ಎಡಗೈಯಲ್ಲಿ ಹಂಚನ್ನು ನೇತುಹಿಡಿದು ಬಲಗೈಯ ನಡುಬೆರಳಿನ ಗೆಣ್ಣಿನಿಂದ ಒಂದು ಕೊಡುವುದು. ಚೆನ್ನಾಗಿ ಬೆಂದ ಹಂಚಾದರೆ ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಒಳಗೇ ಸಾಯುತ್ತದೆ. ಠಣ್ ಎಂದದ್ದು ಬಲಕ್ಕೆ, ಸತ್ತದ್ದು ಎಡಕ್ಕೆ. ನಾನು ಎಷ್ಟು ಕಿವಿಗೊಟ್ಟರೂ ಒಂದೇ ಥರ ಕೇಳಿಸುತ್ತಿದ್ದ ಎರಡು ಹಂಚುಗಳನ್ನು ಅವರು ಒಂದು ಕ್ಷಣವೂ ಯೋಚಿಸದೆ ಬೇರೆ ಬೇರೆ ಕಡೆಗೆ ಇಡುತ್ತಿದ್ದರು. ಆ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗೆ, ಕಂದಾಗಿ, ಮಿರುಗುತ್ತಿತ್ತು. ಮಗ್ಗಿ ಹೇಳದ ಮಕ್ಕಳ ತಲೆಯ ಮೇಲೆ ಕೂಡ ಅದು ಬೀಳುತ್ತಿತ್ತು, ಅದೂ ಚೆನ್ನಾಗಿ ನೆನಪಿದೆ.

ಶನಿವಾರ ಬಟವಾಡೆ. ಸಂಜೆಯ ಕೂಗು ಮುಗಿದು ಅರ್ಧ ಗಂಟೆಗೆ ಜೆಪ್ಪು ಮಾರ್ಕೆಟಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿಕೊಂಡ ಹೆಂಗಸರು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ದುಡ್ಡು. ಬೂತಾಯಿ, ಬಂಗುಡೆ ರಾಶಿ ಲೆಕ್ಕದಲ್ಲಿ. ಕಾಣೆ, ಇರ್ಪೆ ಇದ್ದರೆ ಹಬ್ಬ. ಮೀನು ಮಾರುವ ಮೊಗವೀರ ಹೆಂಗಸರಿಗೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ವ್ರತ, ಯಾವ ಮನೆಯಲ್ಲಿ ಈ ವಾರ ಬಟವಾಡೆ ಇಲ್ಲ ಎಲ್ಲ ಗೊತ್ತು. ಬಟವಾಡೆ ಇಲ್ಲದ ಮನೆಯವಳು ಕಣ್ಣು ತಪ್ಪಿಸಿ ಹೋಗುತ್ತಿದ್ದರೆ, ಅವರೇ ಕೂಗಿ ಕರೆದು ಎಲೆಯಲ್ಲಿ ಕಟ್ಟಿ ಕೊಡುವರು. ಆ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಬರೆದಿಡುತ್ತಿರಲಿಲ್ಲ.

ಉಳಿದ ಅನುಕೂಲಗಳೆಲ್ಲ ನಡೆದು ಹೋಗುವ ದೂರದಲ್ಲೇ. ದಿನಸಿ ಅಂಗಡಿ, ಅದರ ಪಕ್ಕ ಬೀಡಿ ಬ್ರಾಂಚು. ಹಂಚಿನ ಕೆಲಸವಿಲ್ಲದ ಮನೆಗಳಲ್ಲಿ ಬೀಡಿ ಕಟ್ಟುತ್ತಿದ್ದರು. ವಾರಕ್ಕಿಷ್ಟು ಎಲೆ, ಇಷ್ಟು ಹೊಗೆಸೊಪ್ಪು ತಂದು, ಮೊರವನ್ನು ಮಡಿಲಲ್ಲಿಟ್ಟುಕೊಂಡು, ಹೊಳೆಗಾಳಿ ಬೀಸುವ ಜಗಲಿಯಲ್ಲಿ ಸಾಲಾಗಿ ಕೂರುವರು. ಎಲೆ ಒಣಗಬಾರದು, ಹೊಳೆಯ ತೇವ ಅದಕ್ಕೆ ಒಳ್ಳೆಯದೆಂದು ಅಮ್ಮ ಹೇಳುತ್ತಿದ್ದರು. ಸಿನಿಮಾಕ್ಕೆ ನ್ಯೂ ಚಿತ್ರಾ ಅಥವಾ ರೂಪವಾಣಿ, ಕಾಯಿಲೆಗೆ ವೆನ್ಲಾಕು, ಹೆರಿಗೆಗೆ ಲೇಡಿ ಗೋಶನ್ನು. ಇದಕ್ಕೆಲ್ಲ ಮಾತ್ರ ಪೇಟೆಗೆ ಹೋಗಬೇಕಿತ್ತು. ನವರಾತ್ರಿಯಲ್ಲಿ ಪೇಟೆಯೇ ನಮ್ಮಲ್ಲಿಗೆ ಬರುತ್ತಿತ್ತು: ಮಂಗಳಾದೇವಿಯ ತೇರು ಮಾರ್ನಮಿಕಟ್ಟೆಗೆ ಹೋಗುವ ಸಂಜೆ, ಹುಲಿವೇಷದ ತಾಸೆಯ ಪೆಟ್ಟಿಗೆ ಕೇರಿಯ ಹಂಚುಗಳೆಲ್ಲ ನಡುಗುತ್ತಿದ್ದವು.

ಆಚೆ ದಡಕ್ಕೆ ಕಡವಿನ ದೋಣಿ. ಐದು ವರ್ಷಕ್ಕೊಮ್ಮೆ ಉಳ್ಳಾಲದ ದರ್ಗಾದಲ್ಲಿ ಉರೂಸು. ಆಗ ಕೇರಿಯ ಎಲ್ಲ ಮನೆಗಳವರೂ ಹೊಸ ಬಟ್ಟೆ ತೊಟ್ಟು ದೋಣಿ ಹತ್ತುವರು. ನಮ್ಮ ಅಜ್ಜಿ ಮಗುವಿನ ಕೆಮ್ಮಿಗೆ ಅಲ್ಲಿ ಹರಕೆ ಹೊತ್ತವರು, ಅದೇ ಮಗುವಿನ ಜ್ವರಕ್ಕೆ ಬೋಳಾರದ ಮಾರಿಯಮ್ಮನಿಗೂ ಹೇಳಿಕೊಂಡವರು. ದೋಣಿಯವರು ಬ್ಯಾರಿಗಳು, ಹತ್ತುವವರು ಎಲ್ಲರೂ. ತುಳು ಎಲ್ಲರಿಗೂ ಬರುತ್ತಿತ್ತು, ಕೊಂಕಣಿ ಮುಕ್ಕಾಲು ಜನಕ್ಕೆ, ಬ್ಯಾರಿ ಭಾಷೆ ಅರ್ಧ ಜನಕ್ಕೆ. ಕನ್ನಡ ಶಾಲೆಯಲ್ಲಿ ಕಲಿಯುವುದು, ಪತ್ರ ಬರೆಯುವುದಕ್ಕೆ, ಯಕ್ಷಗಾನದ ಅರ್ಥಕ್ಕೆ. ಒಂದು ಜಗಳ ಮೂರು ಭಾಷೆಗಳಲ್ಲಿ ನಡೆದು ನಾಲ್ಕನೆಯದರಲ್ಲಿ ರಾಜಿಯಾಗುವುದನ್ನು ನಾನು ಆ ದೋಣಿಯಲ್ಲೇ ಕೇಳಿದ್ದು.

ಬಂದರಿಗೆ ಹೋಗುವುದೆಂದರೆ ಅಪ್ಪನ ಕೈ ಹಿಡಿದು. ಅಪ್ಪನಿಗೆ ಅಲ್ಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹಳೇ ಬಂದರಿನ ದಕ್ಕೆಗೆ ದೊಡ್ಡ ಹಡಗು ಬರುವಷ್ಟು ಆಳ ಯಾವತ್ತೂ ಇರಲಿಲ್ಲ. ಆಗಬೋಟುಗಳು ಹೊರಗೆ ಸಮುದ್ರದಲ್ಲೇ ನಿಲ್ಲುವುದು, ಸಾಮಾನೂ ಜನರೂ ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಹೋಗುವುದು. ಅಪ್ಪನ ಚಿಕ್ಕಪ್ಪಂದಿರು ಬೊಂಬಾಯಿಗೆ ಹೋದದ್ದು ಹಾಗೆ. ನಾನು ನೋಡುವ ಕಾಲಕ್ಕೆ ಆಗಬೋಟಿನ ಕತೆ ಮುಗಿದಿತ್ತು, ಮಂಜಿಗಳು ಮಾತ್ರ ಇದ್ದವು. ಮಳೆಗಾಲ ಕಳೆದು ನವರಾತ್ರಿ ಹತ್ತಿರವಾದಾಗ ದ್ವೀಪದವರ ಮಂಜಿಗಳು ಅಳಿವೆಯಲ್ಲಿ ಕಾಣಿಸುತ್ತಿದ್ದವು. ಲಕ್ಷದ್ವೀಪದ ಅಮಿನಿ, ಕಡಮತ್ತು, ಕಿಲ್ತಾನು, ಚೆತ್ಲಾತು, ಬಿತ್ರಾ 1956ರ ನವೆಂಬರಿನವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಕ್ಷೆಯಲ್ಲಿ ಬೇರೆಯಾದರೂ ವ್ಯಾಪಾರ ಬೇರೆಯಾಗಲಿಲ್ಲ. ಅವರು ತರುವುದು ಕೊಬ್ಬರಿ, ಹುರಿಹಗ್ಗ, ಒಣಗಿಸಿದ ಮಾಸು ಮೀನು, ತೆಂಗಿನ ಬೆಲ್ಲ. ಒಯ್ಯುವುದು ಅಕ್ಕಿ, ಬಟ್ಟೆ, ಮೆಣಸು, ನಮ್ಮ ಹಂಚು. ಮಂಡಿಯ ಕತ್ತಲೆಯಲ್ಲಿ ಕೊಬ್ಬರಿ, ಒಣಮೀನು, ಗೋಣಿ, ಕಾಫಿಬೀಜ ಎಲ್ಲ ಬೆರೆತ ಒಂದು ವಾಸನೆ ಇತ್ತು. ಅಪ್ಪನ ಅಂಗಿಯಲ್ಲಿ ಅದು ಒಗೆದರೂ ಉಳಿಯುತ್ತಿತ್ತು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಬಂದರಿನ ಒಂದೊಂದು ಓಣಿಯಲ್ಲಿ ಆ ವಾಸನೆ ಸಿಕ್ಕಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

1974 ನಮ್ಮ ಪಾಲಿಗೆ ನೆರೆಯ ವರ್ಷ. ಹಿರಿಯರು 1923ರ ನೆರೆಯ ಮಾತನ್ನೇ ಹೇಳಿ ಹೇಳಿ, ಅಂಥದ್ದು ಇನ್ನು ಬರುವುದಿಲ್ಲವೆಂದು ನಂಬಿಸಿಬಿಟ್ಟಿದ್ದರು. ಆ ಜುಲೈಯಲ್ಲಿ ಮೇಲೆ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ಸುದ್ದಿ ಬರುವ ಮೊದಲೇ ಹೊಳೆ ನಮಗೆ ಸುದ್ದಿ ತಂದಿತು: ಬೈಹುಲ್ಲಿನ ಮುಟ್ಟೆ, ಬಾಗಿಲು, ತೊಟ್ಟಿಲು, ಬುಡಸಮೇತ ಅಡಿಕೆ ಮರ. ಅಂಗಳ ದಾಟಿ ಜಗಲಿಯ ಎರಡನೇ ಮೆಟ್ಟಿಲಿಗೆ ನೀರು ಬಂತು. ಅಜ್ಜಿ ಒಂದು ತೆಂಗಿನಕಾಯಿ ಒಡೆದು, ಅರಿಸಿನ ಹಚ್ಚಿ, ನೀರಿಗೆ ಬಿಟ್ಟರು. ಕೇರಿಯ ಗಂಡಸರೆಲ್ಲ ದೋಣಿ ಬಿಚ್ಚಿ, ತೇಲಿ ಬಂದ ದನಕರುಗಳನ್ನು ಎಳೆದು ದಡಕ್ಕೆ ಹಾಕಿದರು. ಯಾರ ಹಟ್ಟಿಯದೋ ಏನೋ, ಒಂದು ಕಪಿಲೆ ಕರು ನಮ್ಮ ಹಟ್ಟಿಯಲ್ಲೇ ಬೆಳೆದು ಹಾಲು ಕೊಟ್ಟಿತು. ಹೊಳೆಗೆ ಹೆದರಿದವರು ಯಾರೂ ಕೇರಿ ಬಿಡಲಿಲ್ಲ.

ಕೇರಿಯನ್ನು ಖಾಲಿ ಮಾಡಿಸಿದ್ದು ನೆರೆಯಲ್ಲ. ಅದೇ 1974ರ ಮೇ ತಿಂಗಳಲ್ಲಿ ಪಣಂಬೂರಿನ ಹೊಸ ಬಂದರನ್ನು ದೇಶದ ಒಂಬತ್ತನೆಯ ಮಹಾಬಂದರು ಎಂದು ಘೋಷಿಸಿದ್ದರು. ಮುಂದಿನ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಮಳೆಗಾಲದಲ್ಲೂ ಮುಚ್ಚದ, ದೊಡ್ಡ ಹಡಗೇ ಒಳಗೆ ಬರುವ ಬಂದರು. ಅಪ್ಪ ನನ್ನನ್ನು ನೋಡಲು ಕರೆದುಕೊಂಡು ಹೋಗಿದ್ದರು, ಹೆಮ್ಮೆಯಿಂದಲೇ. ನನಗೂ ಹೆಮ್ಮೆಯೇ ಆಗಿತ್ತು. ರಸಗೊಬ್ಬರದ ಕಾರ್ಖಾನೆ ಬಂತು, ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂತು. ಕೇರಿಯ ಹುಡುಗರಿಗೆ ಕೆಲಸ ಸಿಕ್ಕಿತು, ಶಿಫ್ಟಿನ ಬಸ್ಸು ರಸ್ತೆಯ ಕಡೆಯಿಂದ ಬಂದು ಹಾರ್ನು ಹಾಕಿತು. ಮಣ್ಣು ಲಾರಿಯಲ್ಲಿ ಬರತೊಡಗಿತು. ಕೊಲ್ಲಿಗೆ ಹೋದವರ ದುಡ್ಡಿನಿಂದ ಆರ್‌ಸಿಸಿ ಮನೆಗಳೆದ್ದವು. ಆರ್‌ಸಿಸಿಗೆ ಹಂಚು ಬೇಡ. ಗದ್ದೆಯ ಆವೆಮಣ್ಣು ತೆಗೆಯುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು. ಕಾರ್ಖಾನೆಗಳು ಒಂದೊಂದಾಗಿ ಗೂಡು ಆರಿಸಿದವು. ಎಲ್ಲಕ್ಕೂ ತಕ್ಕ ಕಾರಣ ಇತ್ತು, ಯಾರನ್ನೂ ದೂರುವ ಹಾಗಿಲ್ಲ. ಹಾಗಿದ್ದೂ ಕೊನೆಯ ಕೂಗು ನಿಂತ ಮೇಲೆ ಕೇರಿಯ ಎಷ್ಟೋ ಮುದುಕಿಯರು ಅನ್ನಕ್ಕಿಡಲು ಹೊತ್ತು ತಿಳಿಯದೆ ತಡಕಾಡಿದ್ದನ್ನು ನಾನು ಕಂಡಿದ್ದೇನೆ. ಗಡಿಯಾರ ಗೋಡೆಯಲ್ಲಿ ಇತ್ತು. ಅದನ್ನು ನೋಡುವ ಅಭ್ಯಾಸ ಅವರಿಗೆ ಇರಲಿಲ್ಲ.

ಚಿಮಿಣಿಗಳು ಉರುಳಿದ ಜಾಗದಲ್ಲಿ ಗೋದಾಮು, ಮರದ ಡಿಪೋ, ಆಮೇಲೆ ಫ್ಲ್ಯಾಟುಗಳು. ಮೊದಲು ಎರಡು ಮನೆಗಳ ನಡುವೆ ಹೊಳೆಗೆ ಇಳಿಯಲು ಒಂದಾಳು ಹೋಗುವಷ್ಟು ಓಣಿ ಎಲ್ಲ ಕಡೆ ಇತ್ತು. ಕೊಡಪಾನ ತೊಳೆಯಲು, ದೋಣಿ ಕಟ್ಟಲು, ಸತ್ತವರ ಬೂದಿ ಬಿಡಲು. ಅದು ಯಾರ ಆಸ್ತಿಯೂ ಆಗಿರಲಿಲ್ಲ. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ಮುಚ್ಚಬಹುದು ಎಂದು ನಮಗೆ ಗೊತ್ತಾದದ್ದು ಗೋಡೆ ಎದ್ದ ಮೇಲೆ. ನಮ್ಮ ಓಣಿಯನ್ನು ಹೊಸದಾಗಿ ಜಾಗ ಕೊಂಡವರು ಒಂದು ವಾರದಲ್ಲಿ ಮುಚ್ಚಿದರು. ಅಪ್ಪ ಹೋಗಿ ಕೇಳಿದರು, ಕಾಗದ ತೋರಿಸಿ ಎಂದರು ಅವರು. ಹೊಳೆಗೆ ಇಳಿಯುವುದಕ್ಕೆ ಯಾರು ಕಾಗದ ಮಾಡಿಸಿಟ್ಟಿದ್ದರು? ಅಪ್ಪ ಆ ಸಂಜೆ ಜಗಲಿಯಲ್ಲಿ ಕೂತವರು ಊಟಕ್ಕೆ ಏಳಲಿಲ್ಲ.

ಅಪ್ಪನ ಕಾಲದ ನಂತರ ಮನೆ ಪಾಲಾಯಿತು, ಮಾರಾಟವೂ ಆಯಿತು. ಹಳೆಯ ಹಂಚಿಗೆ ಈಗ ಬಹಳ ಬೇಡಿಕೆ. ರೆಸಾರ್ಟುಗಳಿಗೆ, ಹಳೆಯ ಚಂದದ ಹೊಸ ಮನೆಗಳಿಗೆ ಬೇಕಂತೆ. ಮಾಡು ಬಿಚ್ಚುವ ದಿನ ನಾನೂ ಹೋಗಿದ್ದೆ. ಇಬ್ಬರು ಮೇಲೆ ಹತ್ತಿ ಒಂದೊಂದೇ ಹಂಚನ್ನು ರೀಪಿನಿಂದ ಎತ್ತಿ ಕೆಳಗಿನವನಿಗೆ ಕೊಡುತ್ತಿದ್ದರು. ಹಂಚು ಹೋದಂತೆ ಹೋದಂತೆ ಎಂದೂ ಬಿಸಿಲು ಕಾಣದ ಅಟ್ಟ, ಪಕ್ಕಾಸು, ಅಜ್ಜಿಯ ದೇವರ ಕೋಣೆ ಎಲ್ಲ ಬೆಳಕಿಗೆ ಬಿದ್ದವು. ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಇಸವಿ ಉಬ್ಬು ಅಕ್ಷರದಲ್ಲಿ ಇನ್ನೂ ನಿಚ್ಚಳ. ಒಂದರ ಮೇಲೆ ಅಕ್ಷರದ ಪಕ್ಕದಲ್ಲೇ ಒಂದು ಬೆರಳಿನ ಗುರುತು ಇತ್ತು. ಹಸಿಮಣ್ಣನ್ನು ಎತ್ತಿಡುವಾಗ ಯಾರದೋ ಹೆಬ್ಬೆರಳು ಒತ್ತಿ, ಹಾಗೆಯೇ ಬೆಂದುಹೋದದ್ದು. ರೇಖೆಗಳನ್ನು ಎಣಿಸಬಹುದಿತ್ತು.

ಬಾಯಮ್ಮ ಕೋಲೂರಿಕೊಂಡು ಬಂದರು. ಯಾರೂ ಕರೆದಿರಲಿಲ್ಲ. ಬಂದವರು ರಾಶಿಯ ಪಕ್ಕ ಒಂದು ಹಲಗೆ ಹಾಕಿಸಿಕೊಂಡು ಕೂತು, ಹಂಚು ಎತ್ತಿ, ಗೆಣ್ಣಿನಿಂದ ಒಂದೊಂದಕ್ಕೇ ಕೊಡತೊಡಗಿದರು. ಠಣ್ ಎಂದದ್ದು ಬಲಕ್ಕೆ, ಸತ್ತದ್ದು ಎಡಕ್ಕೆ. ಕೊಳ್ಳಲು ಬಂದಿದ್ದ ಯುವಕ ಮೊದಲು ಬೇಡ ಎನ್ನಲು ಹೋದವನು, ಸ್ವಲ್ಪ ಹೊತ್ತು ನೋಡಿ, ತಾನೇ ಹಂಚು ಎತ್ತಿಕೊಡಲು ಕೂತ. ಮಧ್ಯಾಹ್ನದವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಕಿವಿ ಮಂದವಾಗಿದೆ ಎಂದು ಬಾಯಮ್ಮನ ಸೊಸೆ ಹೇಳುತ್ತಿದ್ದಳು. ಮಾತಿಗೆ ಮಂದವಾಗಿರಬಹುದು; ಹಂಚಿಗೆ ಆಗಿರಲಿಲ್ಲ. ಏಳುವಾಗ ಅವರು ಬಲಗಡೆಯ ರಾಶಿ ತೋರಿಸಿ, ಇದು ಇನ್ನು ನೂರು ಮಳೆಗಾಲ ತಡೆಯುತ್ತದೆ ಎಂದು ತುಳುವಿನಲ್ಲಿ ಹೇಳಿದರು. ಆ ಮಳೆಗಾಲ ಅವರಿಗೇ ಕೊನೆಯದಾಯಿತು. ಜೆಪ್ಪುವಿನ ಇಗರ್ಜಿಯಲ್ಲಿ ಮಣ್ಣು ಕೊಟ್ಟೆವು.

ಈಗ ಊರಿಗೆ ಹೊಳೆಯ ನೆನಪು ಬಂದಿದೆ. ಸ್ಮಾರ್ಟ್ ಸಿಟಿಯ ಲೆಕ್ಕದಲ್ಲಿ ನೇತ್ರಾವತಿಯ ದಂಡೆಯಲ್ಲಿ ನಡೆದಾಡುವ ದಾರಿ, ದೀಪದ ಕಂಬ, ಕೂರುವ ಕಲ್ಲು. ಬೇಡ ಎನ್ನುವವಳಲ್ಲ ನಾನು. ಮಕ್ಕಳು ಹೊಳೆ ನೋಡಲಿ. ಆದರೆ ನೋಡುವುದು ಬೇರೆ, ಬಳಸುವುದು ಬೇರೆ. ಕಂಬಿ ಹಿಡಿದು ನಿಂತು ಸೂರ್ಯಾಸ್ತ ನೋಡಿದವರಿಗೆ ಏರು ಯಾವಾಗ, ಇಳಿತ ಯಾವಾಗ ಎಂದು ತಿಳಿಯಬೇಕಾಗಿಲ್ಲ. ಆ ದಾರಿಯಲ್ಲಿ ಅಲ್ಲಲ್ಲಿ ನೀರಿಗೆ ಇಳಿಯುವ ಮೆಟ್ಟಿಲು ಇರಲಿ, ದೋಣಿ ಕಟ್ಟಲು ಒಂದು ಗೂಟ ಇರಲಿ, ಮರುವಾಯಿ ಹೆಕ್ಕುವವಳು ಬುಟ್ಟಿ ಇಳಿಸಿ ಕೂರಲು ಜಾಗ ಇರಲಿ. ನನ್ನ ಬೇಡಿಕೆ ಅಷ್ಟೇ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಹೊಳೆಯನ್ನು ಇಂದಿಗೂ ಬಳಸುವ ಜನ ನೋಡಬೇಕೆಂದರೆ ಬಂದರಿನಿಂದ ಬೆಂಗ್ರೆಯ ದೋಣಿ ಹತ್ತಬೇಕು. ನಾನು ಆಗಾಗ ಹತ್ತುತ್ತೇನೆ, ಕೆಲಸವೇನೂ ಇಲ್ಲದೆ. ಶಾಲೆಯ ಮಕ್ಕಳು, ಗ್ಯಾಸಿನ ಸಿಲಿಂಡರು, ಅಕ್ಕಿಮೂಟೆ, ಕೋಳಿಬುಟ್ಟಿ, ಫುಟ್‌ಬಾಲು ಹಿಡಿದ ಹುಡುಗರು, ಬಂದರಿನ ಮಂಡಿಗೆ ಕೆಲಸಕ್ಕೆ ಬರುವ ಹೆಂಗಸರು. ಕೆಲವೇ ನಿಮಿಷದ ದಾರಿ. ರಸ್ತೆಯಲ್ಲಾದರೆ ಕೂಳೂರು, ತಣ್ಣೀರುಬಾವಿ ಸುತ್ತಿ ಬರಬೇಕು. ಕಳೆದ ಸಲ ಪಕ್ಕದಲ್ಲಿ ಕೂತಿದ್ದವಳೊಬ್ಬಳು, ಮಗಳ ಹೆರಿಗೆನೋವು ಜೂನಿನ ಒಂದು ನಡುರಾತ್ರಿ ಶುರುವಾಗಿ, ಗಾಳಿಗೆ ದೋಣಿ ಬಿಡಲಾಗದೆ, ರಿಕ್ಷಾದಲ್ಲಿ ಸುತ್ತಿ ಬಂದ ಕತೆ ಹೇಳಿದಳು. ಮಗು ಉಳಿಯಿತಂತೆ, ದೇವರ ದಯೆ. ಬೆಂಗ್ರೆಗೆ ಸೇತುವೆ ಬೇಕೆಂದು ಅವರು ಕೇಳುತ್ತಲೇ ಬಂದಿದ್ದಾರೆ. ನಾನು ಅವಳ ಕೈ ಹಿಡಿದು, ಸೇತುವೆ ಖಂಡಿತ ಬರಬೇಕು, ಬಂದ ಮೇಲೂ ಈ ದೋಣಿಯನ್ನು ಮಾತ್ರ ನಿಲ್ಲಿಸಲು ಬಿಡಬೇಡಿ ಎಂದೆ. ಅವಳು ಸಿಲಿಂಡರನ್ನು ದಡಕ್ಕೆ ಉರುಳಿಸಲು ಎದ್ದವಳು, "ಮೊದಲು ಸೇತುವೆ ಬರಲಿ ಅಕ್ಕ, ಮತ್ತೆ ನೋಡುವ" ಎಂದಳು.